ಫಲಿತಾಂಶ ಬಂತು, ನೋಂದಣಿ ಸಂಖ್ಯೆ ಎಲ್ಲಿ?

ಹಾಸನ ಜಿಲ್ಲೆಯ ಹೊಸ ನರ್ಸ್‌ಗಳು ಮೊದಲ ಕೆಲಸ ಕೈತಪ್ಪದಂತೆ ನೋಡಿಕೊಳ್ಳುವ ಬಗೆ

ನರ್ಸಿಂಗ್ ಫಲಿತಾಂಶ ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಕೆಲಸ ಕೊಡುವ ಆಸ್ಪತ್ರೆಯವರು ಮಾತ್ರ ಕೇಳುವುದು ಬೇರೆಯದನ್ನು: ‘ಕೌನ್ಸಿಲ್ ರಿಜಿಸ್ಟ್ರೇಷನ್ ಆಗಿದೆಯಾ? ನಂಬರ್ ಕೊಡಿ.’ ಪಾಸಾಗಿದ್ದೀರಿ, ಸಂದರ್ಶನವೂ ಚೆನ್ನಾಗಿ ಆಗಿದೆ, ಕೆಲಸಕ್ಕೆ ಸೇರುವ ದಿನಾಂಕವೂ ಗೊತ್ತಾಗಿದೆ. ಆ ನಂಬರ್ ಒಂದೇ ಕೈಗೆ ಬಂದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಪ್ರತಿವರ್ಷ ನರ್ಸಿಂಗ್ ಓದಿ ಹೊರಬರುವ ಹುಡುಗಿಯರು, ಹುಡುಗರು ಮೊದಲು ಎಡವುವುದು ಇಲ್ಲಿಯೇ.

ಈ ತಡಕ್ಕೆಲ್ಲ ಬೆಂಗಳೂರಿನ ಕಚೇರಿಯೇ ಕಾರಣ ಎನ್ನುವುದು ವಾಡಿಕೆ. ಕಚೇರಿಯಲ್ಲಿ ಕಡತ ನಿಲ್ಲುವುದು ಸುಳ್ಳಲ್ಲ. ಆದರೆ ಕಡತ ಕಚೇರಿ ತಲುಪುವ ಮೊದಲೇ ನಿಮ್ಮ ಕೈಯಲ್ಲಿ, ಕಾಲೇಜಿನ ಕೈಯಲ್ಲಿ ಕಳೆದುಹೋಗುವ ವಾರಗಳೂ ಕಡಿಮೆಯಲ್ಲ. ಅವನ್ನು ಉಳಿಸಿಕೊಳ್ಳುವುದು ಹೇಗೆ, ಕಚೇರಿಯಲ್ಲಿ ನಿಂತ ಕಡತವನ್ನು ಅಲುಗಿಸುವುದು ಹೇಗೆ, ಅಲ್ಲಿಯವರೆಗೆ ಕೆಲಸ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಯಾರ ಕೆಲಸ ಯಾವುದು?

ಬಿ.ಎಸ್ಸಿ. ನರ್ಸಿಂಗ್ ಪರೀಕ್ಷೆ ನಡೆಸಿ ಪದವಿ ಕೊಡುವುದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಜಿಎನ್‌ಎಂ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ಇನ್ ನರ್ಸಿಂಗ್ ಪರೀಕ್ಷಾ ಮಂಡಳಿ. ಇವೆರಡೂ ನಿಮ್ಮನ್ನು ಪಾಸು ಮಾಡುತ್ತವೆಯೇ ಹೊರತು ನರ್ಸ್ ಆಗಿ ನೋಂದಾಯಿಸುವುದಿಲ್ಲ.

ನೋಂದಣಿ ಮಾಡುವುದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. 1961ರ ಕರ್ನಾಟಕ ನರ್ಸ್‌ಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕರ ಕಾಯ್ದೆಯ ಪ್ರಕಾರ ರಾಜ್ಯದ ನೋಂದಣಿ ಪುಸ್ತಕ ಇರುವುದು ಅದರ ಬಳಿ. ಅಲ್ಲಿ ಹೆಸರು ಸೇರಿದ ಮೇಲೆ ನೀವು ‘ಆರ್‌ಎನ್ ಆರ್‌ಎಂ’, ಅಂದರೆ ನೋಂದಾಯಿತ ನರ್ಸ್ ಮತ್ತು ಸೂಲಗಿತ್ತಿ. ದೇಶದ ಮಟ್ಟದಲ್ಲಿ 1947ರ ಕಾಯ್ದೆಯಡಿ ಬಂದ ಭಾರತೀಯ ನರ್ಸಿಂಗ್ ಕೌನ್ಸಿಲ್ ಪಠ್ಯಕ್ರಮ, ಶಿಕ್ಷಣದ ಗುಣಮಟ್ಟ ಇತ್ಯಾದಿ ನೋಡಿಕೊಳ್ಳುತ್ತಾ ಬಂದಿದೆ. ಆ ಹಳೆಯ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ತಂದಿದೆ. ಹೊಸ ಕಾಯ್ದೆಯ ತತ್ವವೂ ಅದೇ: ನೋಂದಣಿ ಪುಸ್ತಕದಲ್ಲಿ ಹೆಸರಿದ್ದವರೇ ನರ್ಸ್.

ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗಾಗಲಿ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಅಂದರೆ ಹಿಮ್ಸ್‌ಗಾಗಲಿ, ತಾಲ್ಲೂಕು ಆಸ್ಪತ್ರೆಗಾಗಲಿ ನೋಂದಣಿ ಮಾಡಿಕೊಡುವ ಅಧಿಕಾರ ಇಲ್ಲ. ಅವರು ಕೆಲಸ ಕೊಡುವವರು. ‘ಡಿಎಚ್‌ಓ ಆಫೀಸಿನಲ್ಲಿ ಹೇಳಿಸಿದರೆ ಆಗುತ್ತದೆ’ ಎಂಬ ಮಾತು ನಂಬಿ ಅಲ್ಲಿಗೆ ಅಲೆದರೆ ದಿನ ಹಾಳು.

ಕಡತ ನಿಲ್ಲುವ ಐದು ಜಾಗ

ಒಂದು, ಫಲಿತಾಂಶ. ಮರುಎಣಿಕೆ ಅಥವಾ ಮರುಪರೀಕ್ಷೆ ಇದ್ದರೆ ಮುಂದಿನದೆಲ್ಲ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಎರಡು, ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ. ವಿದ್ಯಾರ್ಥಿಗಳ ಬಾಯಲ್ಲಿ ಈ ಪ್ರಮಾಣಪತ್ರ ‘ಪಿಡಿಸಿ’. ಘಟಿಕೋತ್ಸವ ವರ್ಷಕ್ಕೊಮ್ಮೆ ನಡೆಯುವುದರಿಂದ ನೋಂದಣಿಯ ಹೊತ್ತಿಗೆ ಬೇಕಾಗುವುದು ಈ ಪಿಡಿಸಿಯೇ. ಮೂರು, ಕಾಲೇಜಿನ ದೃಢೀಕರಣ: ತರಬೇತಿ ಪೂರ್ಣಗೊಂಡ ಪತ್ರ, ಪ್ರಾಯೋಗಿಕ ದಾಖಲೆ, ಪ್ರಾಂಶುಪಾಲರ ಸಹಿ ಮತ್ತು ಮೊಹರು. ನಾಲ್ಕು, ಕೌನ್ಸಿಲ್‌ನಲ್ಲಿ ಪರಿಶೀಲನೆ. ಐದು, ಲೋಪ ಕಂಡುಬಂದು ಅರ್ಜಿ ವಾಪಸಾಗುವುದು.

ಈ ಐದರಲ್ಲಿ ಅತಿ ದುಬಾರಿ ಕೊನೆಯದು. ಅರ್ಜಿ ವಾಪಸಾದರೆ ಸರದಿಯ ಕೊನೆಗೆ ಹೋಗಿ ನಿಂತಂತೆಯೇ. ಅದನ್ನು ತಪ್ಪಿಸುವ ಕೆಲಸವೆಲ್ಲ ಕೊನೆಯ ವರ್ಷದ ಪರೀಕ್ಷೆಗೂ ಮೊದಲೇ ಮುಗಿಯಬೇಕು.

ಹೆಸರು, ಇನಿಷಿಯಲ್, ಆಧಾರ್

ಒಂದು ಉದಾಹರಣೆ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್.ಎಂ.’ ಎಂದಿದೆ. ಪಿಯುಸಿಯಲ್ಲಿ ‘ಕಾವ್ಯ ಎಂ.’ ಆಧಾರ್‌ನಲ್ಲಿ ಬರೀ ‘ಕಾವ್ಯ’. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಕಾವ್ಯಶ್ರೀ’. ತಂದೆಯ ಹೆಸರು ಒಂದು ಕಡೆ ಮಂಜೇಗೌಡ, ಇನ್ನೊಂದು ಕಡೆ ಮಂಜುನಾಥ. ಊರಿನವರಿಗೆ ಇವರೆಲ್ಲ ಒಬ್ಬಳೇ ಹುಡುಗಿ, ಹರದನಹಳ್ಳಿ ಮಂಜೇಗೌಡರ ಮಗಳು. ಕಂಪ್ಯೂಟರ್ ಮುಂದೆ ಕುಳಿತು ಒಂದು ದಾಖಲೆಯನ್ನು ಇನ್ನೊಂದರ ಜತೆ ತಾಳೆ ನೋಡುವ ಗುಮಾಸ್ತರಿಗೆ ಇವರು ನಾಲ್ವರು.

ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಇನಿಷಿಯಲ್ ಮಾಡಿಕೊಳ್ಳುವ ನಮ್ಮ ಕಡೆಯ ರೂಢಿಯಿಂದ ಈ ತೊಡಕು ಹೆಚ್ಚು. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಸಾಕು. ಮದುವೆಯಾದವರು ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿಕೊಂಡಿದ್ದರೆ ಗಂಟು ಇನ್ನೂ ಬಿಗಿ.

ಹಾಗಾಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ತಾಯಿ ದಾಖಲೆಯಾಗಿ ಇಟ್ಟುಕೊಳ್ಳಿ. ಅದರಲ್ಲಿ ಹೆಸರು, ಹುಟ್ಟಿದ ದಿನಾಂಕ ಸರಿಯಿದ್ದರೆ ಮಿಕ್ಕವನ್ನೆಲ್ಲ ಅದಕ್ಕೆ ಹೊಂದಿಸಿ. ಆಧಾರ್ ತಿದ್ದುಪಡಿ ಸುಲಭ, ಅಂಚೆ ಕಚೇರಿಯ ಆಧಾರ್ ಕೌಂಟರ್‌ನಲ್ಲೂ ಆಗುತ್ತದೆ. ಆದರೆ ಹೆಸರನ್ನು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕವನ್ನು 1 ಸಲ ಮಾತ್ರ ಸಾಮಾನ್ಯ ಕ್ರಮದಲ್ಲಿ ಬದಲಿಸಲು ಅವಕಾಶ. ಅವಸರದಲ್ಲಿ ತಪ್ಪಾಗಿ ತಿದ್ದಿಸಿಕೊಂಡರೆ ಮುಂದೆ ಕಷ್ಟ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ತಪ್ಪಿದ್ದರೆ ನೀವು ಓದಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗಬೇಕು. ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ನರ್ಸಿಂಗ್ ಎರಡನೇ ವರ್ಷದಲ್ಲಿ ಇರುವಾಗಲೇ ಶುರು ಮಾಡಿದರೆ ಒಳ್ಳೆಯದು.

‘ಎರಡೂ ಹೆಸರಿನವರು ಒಬ್ಬರೇ’ ಎಂದು ಛಾಪಾ ಕಾಗದದ ಮೇಲೆ ನೋಟರಿ ಬಳಿ ಮಾಡಿಸುವ ಅಫಿಡವಿಟ್ ಸಣ್ಣಪುಟ್ಟ ವ್ಯತ್ಯಾಸಕ್ಕೆ ಆಧಾರವಾಗಬಹುದು. ಮುಂದೆ ಹೊರದೇಶಕ್ಕೆ ಹೋಗುವ ಯೋಚನೆ ಇದ್ದವರು ಅಫಿಡವಿಟ್ ನೆಚ್ಚಿಕೊಳ್ಳದೆ ಮೂಲ ದಾಖಲೆಯನ್ನೇ ತಿದ್ದಿಸಿಕೊಳ್ಳಿ.

ಕಾಲೇಜನ್ನು ಕೇಳಬೇಕಾದ ಪ್ರಶ್ನೆಗಳು

ಜಿಲ್ಲೆಯಲ್ಲಿ ಸರ್ಕಾರಿ, ಖಾಸಗಿ, ಮಿಷನ್ ಆಸ್ಪತ್ರೆಯ ಹಿನ್ನೆಲೆಯವು ಎಂದು ಹಲವು ಬಗೆಯ ನರ್ಸಿಂಗ್ ಕಾಲೇಜು, ಶಾಲೆಗಳಿವೆ. ಯಾವುದೇ ಆಗಲಿ, ಕೊನೆಯ ವರ್ಷದ ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೆ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆದುಕೊಳ್ಳಿ:

• ನನ್ನ ಪ್ರವೇಶಕ್ಕೆ ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಅನುಮೋದನೆ ಬಂದಿದೆಯೇ? ಅದರ ಪಟ್ಟಿಯಲ್ಲಿ ನನ್ನ ಹೆಸರು ಹೇಗೆ ಅಚ್ಚಾಗಿದೆ?
• ನಾನು ಸೇರಿದ ವರ್ಷಕ್ಕೆ ಕಾಲೇಜಿನ ಮಾನ್ಯತೆ ನವೀಕರಣ ಆಗಿತ್ತೇ? ಮಂಜೂರಾದ ಸೀಟುಗಳ ಮಿತಿಯೊಳಗೇ ನನ್ನ ಸೀಟು ಇದೆಯೇ?
• ಹೆರಿಗೆಯ ಕೇಸ್‌ಬುಕ್, ಕ್ಲಿನಿಕಲ್ ಗಂಟೆಗಳ ದಾಖಲೆಗೆ ಎಲ್ಲ ಸಹಿ ಆಗಿದೆಯೇ?
• ನೋಂದಣಿ ಅರ್ಜಿಯ ಹೊಣೆ ಕಾಲೇಜಿನಲ್ಲಿ ಯಾರದು? ನನ್ನದೆಷ್ಟು, ಕಾಲೇಜಿನದೆಷ್ಟು?

ಕೇಸ್‌ಬುಕ್ ಬಗ್ಗೆ ಒಂದು ಮಾತು. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಪೋಸ್ಟಿಂಗ್ ಇದ್ದಾಗ ಸಹಿ ಮಾಡಬೇಕಿದ್ದ ಸಿಸ್ಟರ್ ಆರು ತಿಂಗಳ ನಂತರ ವರ್ಗವಾಗಿ ಬೇರೆ ಊರಿಗೆ ಹೋಗಿರಬಹುದು. ಸಹಿಯನ್ನು ಆಯಾ ವಾರವೇ ಹಾಕಿಸಿಕೊಳ್ಳಿ.

ಶುಲ್ಕ ಬಾಕಿ ಇದೆ ಎಂದು ಕೆಲವೆಡೆ ಮೂಲ ಅಂಕಪಟ್ಟಿ ಕೊಡದೆ ಸತಾಯಿಸುವುದುಂಟು. ಉನ್ನತ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಗಳ ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿಯೇ ಸ್ಪಷ್ಟಪಡಿಸಿದೆ. ಬಾಕಿ ಇದ್ದರೆ ಅದನ್ನು ತೀರಿಸುವ ಬಗ್ಗೆ ಬೇರೆಯಾಗಿ ಮಾತಾಡಿ. ದಾಖಲೆ ಬೇಕೆಂಬುದನ್ನು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ.

ಒಂದು ಫೈಲು ಸಿದ್ಧವಿರಲಿ

ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ನರ್ಸಿಂಗ್‌ನ ಎಲ್ಲ ವರ್ಷಗಳ ಅಥವಾ ಸೆಮಿಸ್ಟರ್‌ಗಳ ಅಂಕಪಟ್ಟಿ, ಪಿಡಿಸಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ತರಬೇತಿ ಪೂರ್ಣಗೊಂಡ ಪತ್ರ, ಆಧಾರ್, ಇತ್ತೀಚಿನ ಫೋಟೊ, ಸಹಿಯ ಸ್ಕ್ಯಾನ್, ಶುಲ್ಕ ಕಟ್ಟಿದ ರಸೀದಿ: ಇವು ಒಂದೇ ಕಡೆ ಇರಬೇಕು. ಸೆಮಿಸ್ಟರ್ ಪದ್ಧತಿ 2021–22ರ ಬ್ಯಾಚಿನಿಂದ ಬಂದಿದ್ದು, ಬಿ.ಎಸ್ಸಿ.ಗೆ ಎಂಟು ಅಂಕಪಟ್ಟಿ ಆಗುತ್ತವೆ. ಒಂದು ಕಾಣೆಯಾದರೂ ಅರ್ಜಿ ಅಪೂರ್ಣ.

ಮೊಬೈಲಿನಲ್ಲಿ ಫೋಟೊ ತೆಗೆದು ಅಪ್‌ಲೋಡ್ ಮಾಡಬೇಡಿ. ಸ್ಕ್ಯಾನ್ ಮಾಡಿಸಿ; ನಾಲ್ಕೂ ಅಂಚು, ಮೊಹರು, ಕ್ರಮಸಂಖ್ಯೆ ಓದುವಂತಿರಲಿ. ಗ್ರಾಮ ಒನ್ ಕೇಂದ್ರದಲ್ಲೋ ಸೈಬರ್ ಸೆಂಟರ್‌ನಲ್ಲೋ ಅರ್ಜಿ ತುಂಬಿಸುವುದಾದರೆ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಇರಲಿ. ಅಂಗಡಿಯವರ ಇಮೇಲ್ ಹಾಕಿದ್ದರೆ ‘ಈ ದಾಖಲೆ ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ’ ಎಂಬ ಸಂದೇಶ ನಿಮಗೆ ಮುಟ್ಟುವುದೇ ಇಲ್ಲ. ನೀವು ಕಚೇರಿಯನ್ನು ಬೈಯುತ್ತಾ ಕಾಯುತ್ತಿರುತ್ತೀರಿ, ಕಚೇರಿ ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತದೆ.

ಆಸ್ಪತ್ರೆಗೆ ಏನು ಹೇಳಬೇಕು?

ಹೆಚ್ಚಿನವರು ಇಲ್ಲಿ ಸುಮ್ಮನಿದ್ದು ಕೆಡುತ್ತಾರೆ. ನೋಂದಣಿ ಆಗಿಲ್ಲ ಎಂದರೆ ಕೆಲಸ ಹೋಗುತ್ತದೆಂಬ ಭಯಕ್ಕೆ ‘ಬರುತ್ತೆ ಸಾರ್, ಮುಂದಿನ ವಾರ’ ಎನ್ನುತ್ತಾರೆ. ಮುಂದಿನ ವಾರ ಬರುವುದಿಲ್ಲ. ಮೂರನೇ ಸಲ ಆಸ್ಪತ್ರೆಯವರು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಆಫರ್ ಸಿಕ್ಕ ದಿನವೇ ಇಮೇಲ್‌ನಲ್ಲಿ ಹೀಗೆ ಬರೆಯಿರಿ:

‘ನಾನು ಅಂತಿಮ ವರ್ಷದ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿದ್ದೇನೆ. ಅಂಕಪಟ್ಟಿಯ ಪ್ರತಿ ಲಗತ್ತಿಸಿದೆ. ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ಇಂಥ ದಿನಾಂಕದಂದು ಅರ್ಜಿ ಸಲ್ಲಿಸಿದ್ದು, ಅರ್ಜಿ ಸಂಖ್ಯೆ ಮತ್ತು ಶುಲ್ಕದ ರಸೀದಿ ಲಗತ್ತಿಸಿದೆ. ನೋಂದಣಿ ಬಂದ ತಕ್ಷಣ ಸಲ್ಲಿಸುತ್ತೇನೆ. ಅಲ್ಲಿಯವರೆಗೆ ಸೇರುವ ದಿನಾಂಕವನ್ನು ಮುಂದೂಡಲು ಅಥವಾ ತರಬೇತಿಯ ಹಂತದಲ್ಲಿ ತೆಗೆದುಕೊಳ್ಳಲು ಸಾಧ್ಯವೇ ಎಂದು ದಯವಿಟ್ಟು ತಿಳಿಸಿ.’

ಅರ್ಜಿ ಸಂಖ್ಯೆ ಇರುವ ಪತ್ರಕ್ಕೆ ತೂಕ ಬೇರೆ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೂ ಒಂದು ಪ್ರತಿ ಕಳಿಸಿ. ವಾರ್ಡಿಗೆ ಕೈ ಸಾಲದ ಕಷ್ಟ ಗೊತ್ತಿರುವವರು ಅವರು.

ಆಸ್ಪತ್ರೆಗಳು ಈ ಸಂಖ್ಯೆಗೆ ಹಟ ಹಿಡಿಯುವುದಕ್ಕೂ ಕಾರಣವಿದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪಡೆದ ಆಸ್ಪತ್ರೆ ಅರ್ಹ ಸಿಬ್ಬಂದಿಯನ್ನೇ ಇಟ್ಟುಕೊಳ್ಳಬೇಕು. ಎನ್‌ಎಬಿಎಚ್ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಪ್ರತಿ ನರ್ಸ್‌ನ ಕಡತದಲ್ಲೂ ಕೌನ್ಸಿಲ್ ನೋಂದಣಿಯನ್ನು ಪರಿಶೀಲಿಸುತ್ತಾರೆ.

‘ಟ್ರೈನಿ’ ಎಂದು ಸೇರಿಸಿಕೊಂಡರೆ ಹುದ್ದೆಯ ಹೆಸರು, ಸಂಬಳ, ಅವಧಿ, ಯಾರ ಮೇಲ್ವಿಚಾರಣೆ ಎಂಬುದೆಲ್ಲ ಪತ್ರದಲ್ಲಿ ಇರಲಿ. ನೋಂದಣಿ ಬರುವ ಮೊದಲು ರಾತ್ರಿ ಪಾಳಿಯಲ್ಲಿ ಒಬ್ಬರೇ ವಾರ್ಡ್ ನೋಡಿಕೊಳ್ಳುವುದು, ಔಷಧಿ ಚಾರ್ಟ್‌ಗೆ ಸ್ಟಾಫ್ ನರ್ಸ್ ಎಂದು ಸಹಿ ಹಾಕುವುದು ಬೇಡ. ರೋಗಿಗೆ ತೊಂದರೆಯಾದರೆ ಮೊದಲು ಹೊರಬರುವುದು ಆ ಸಹಿ.

ಸರ್ಕಾರಿ ನೇಮಕಾತಿಗೆ ಕೊನೆಯ ದಿನಾಂಕವೇ ಕತ್ತರಿ

ಖಾಸಗಿ ಆಸ್ಪತ್ರೆ ಒಂದು ತಿಂಗಳು ಕಾದೀತು. ಸರ್ಕಾರಿ ಅಧಿಸೂಚನೆ ಕಾಯುವುದಿಲ್ಲ. ಶುಶ್ರೂಷಾಧಿಕಾರಿ ಹುದ್ದೆಯಾಗಲಿ, ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘ ತುಂಬಿಕೊಳ್ಳುವ ಗುತ್ತಿಗೆ ಹುದ್ದೆಯಾಗಲಿ, ಏಮ್ಸ್‌ಗಳಿಗಾಗಿ ನಡೆಯುವ ನಾರ್ಸೆಟ್ ಆಗಲಿ, ನಿಗದಿತ ದಿನಾಂಕದೊಳಗೆ ನೋಂದಣಿ ಆಗಿರಬೇಕೆಂಬ ಷರತ್ತು ಸಾಮಾನ್ಯ. ಅರ್ಜಿ ಹಾಕಿರುವ ರಸೀದಿ ಅಲ್ಲಿ ನಡೆಯುತ್ತದೆಂದು ನಂಬಿ ಕೂರಬೇಡಿ. ಅಧಿಸೂಚನೆಯ ಅರ್ಹತೆಯ ಸಾಲನ್ನು ಎರಡು ಸಲ ಓದಿ.

ಜಿಎನ್‌ಎಂ ಮಾಡಿದವರಿಗೆ ನಾರ್ಸೆಟ್‌ನಲ್ಲಿ ಇನ್ನೊಂದು ಷರತ್ತು: ವಿದ್ಯಾರ್ಹತೆ ಪಡೆದ ನಂತರ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ. ಹಾಗಾಗಿ ಮೊದಲ ಕೆಲಸ ಬಿಡುವಾಗ ಪಡೆಯುವ ಅನುಭವ ಪತ್ರದಲ್ಲಿ ಹಾಸಿಗೆಗಳ ಸಂಖ್ಯೆಯನ್ನೂ ಬರೆಸಿಕೊಳ್ಳಿ.

ಕಡತ ಅಲುಗದಿದ್ದರೆ

ಅರಕಲಗೂಡಿಗೆ ರೈಲಿಲ್ಲ. ಬಸ್ ಹಿಡಿದು ಹಾಸನಕ್ಕೆ ಬಂದು, ಅಲ್ಲಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ. ಹೋಗಬೇಕು. 2017ರಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲು ಶುರುವಾದ ಮೇಲೆ ಪ್ರಯಾಣ ಹಗುರವಾಗಿದ್ದರೂ ಒಂದು ದಿನವಂತೂ ಹೋಗುತ್ತದೆ. ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಎನಿಸಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಮೊದಲು ಬರೆಯಿರಿ.

ಮೊದಲ ಹೆಜ್ಜೆ: ಅರ್ಜಿ ಸಂಖ್ಯೆ, ದಿನಾಂಕ ನಮೂದಿಸಿ ಕೌನ್ಸಿಲ್‌ನ ರಿಜಿಸ್ಟ್ರಾರ್ ಅವರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್. ಆಫರ್ ಲೆಟರ್ ಇದ್ದರೆ ಅದರ ಪ್ರತಿ ಲಗತ್ತಿಸಿ, ಸೇರಬೇಕಾದ ದಿನಾಂಕ ಬರೆಯಿರಿ.

ಎರಡನೆಯದು: ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆ. 1902ಕ್ಕೆ ಕರೆ ಮಾಡಿ ಅಥವಾ ಅದರ ಜಾಲತಾಣದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನೀವು ಪಡೆಯಬೇಕಾದ ಯಾವುದಾದರೂ ದಾಖಲೆ ಸಕಾಲ ಯೋಜನೆಯ ಪಟ್ಟಿಯಲ್ಲಿದ್ದರೆ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ನಿಗದಿತ ದಿನ ಮೀರಿದರೆ ಮೇಲ್ಮನವಿಗೆ ಆ ಸಂಖ್ಯೆಯೇ ಆಧಾರ.

ಮೂರನೆಯದು: 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಉತ್ತರಕ್ಕೆ 30 ದಿನ. ‘ಯಾಕೆ ತಡ ಮಾಡುತ್ತಿದ್ದೀರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಾಯ್ದೆ ಕೊಡಿಸುವುದು ದಾಖಲೆಯಲ್ಲಿರುವ ಮಾಹಿತಿಯನ್ನು. ಹೀಗೆ ಕೇಳಿ: ‘ನನ್ನ ಇಂಥ ಸಂಖ್ಯೆಯ ಅರ್ಜಿಯ ಮೇಲೆ ಇದುವರೆಗೆ ದಿನಾಂಕವಾರು ತೆಗೆದುಕೊಂಡ ಕ್ರಮದ ವಿವರ, ಈಗ ಕಡತ ಇರುವ ಅಧಿಕಾರಿಯ ಪದನಾಮ ಮತ್ತು ಕಡತದ ಟಿಪ್ಪಣಿ ಹಾಳೆಯ ಪ್ರತಿ ನೀಡಿ.’

ಅಷ್ಟಾದ ಮೇಲೂ ಬೆಂಗಳೂರಿಗೆ ಹೋಗಲೇಬೇಕಾದರೆ ಮೂಲ ದಾಖಲೆಗಳು, ಎರಡು ಸೆಟ್ ಜೆರಾಕ್ಸ್, ಹಿಂದಿನ ಪತ್ರಗಳ ಸ್ವೀಕೃತಿ ಜತೆಗಿರಲಿ. ಒಂದೇ ಕಾಲೇಜಿನ ಹತ್ತು ಮಂದಿಯದು ನಿಂತಿದ್ದರೆ ಒಬ್ಬೊಬ್ಬರೇ ಅಲೆಯುವ ಬದಲು ಪ್ರಾಂಶುಪಾಲರ ಪತ್ರದೊಡನೆ ಪಟ್ಟಿ ಮಾಡಿ ಕಾಲೇಜಿನ ಪ್ರತಿನಿಧಿಯನ್ನೇ ಕಳಿಸುವಂತೆ ಕೇಳಿ.

ಏಜೆಂಟರ ವಿಷಯದಲ್ಲಿ ಒಂದೇ ಮಾತು: ಬೇಡ. ‘ಒಂದು ವಾರದಲ್ಲಿ ನಂಬರ್ ತರಿಸಿಕೊಡ್ತೀನಿ’ ಎಂದು ದುಡ್ಡು ಪಡೆದವನು ಕೊಡುವ ಕಾಗದ ನಕಲಿಯಾದರೆ ಪೊಲೀಸ್ ಠಾಣೆಗೆ ಹೋಗುವವರು ನೀವು.

ಹೊರರಾಜ್ಯ, ಹೊರದೇಶ

ಹಾಸನದಲ್ಲಿ ನರ್ಸಿಂಗ್ ಓದುವವರಲ್ಲಿ ಕೇರಳದವರೂ ಇದ್ದಾರೆ. ಊರಿಗೆ ಮರಳಿ ಕೆಲಸ ಮಾಡಬೇಕೆಂದರೆ ಅಲ್ಲಿನ ಕೌನ್ಸಿಲ್‌ನಲ್ಲೂ ನೋಂದಣಿ ಬೇಕು. 2017ರಲ್ಲಿ ಕರ್ನಾಟಕದ ಕಾಲೇಜುಗಳಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಬೇಕೇ ಬೇಡವೇ ಎಂಬ ವ್ಯಾಜ್ಯ ಹೈಕೋರ್ಟ್‌ಗೆ ಹೋಗಿ, ರಾಜ್ಯದ ಕಾಲೇಜುಗಳ ಹೆಸರು ಆ ಕೌನ್ಸಿಲ್‌ನ ಪಟ್ಟಿಯಲ್ಲಿ ಕಾಣದಂತಾದಾಗ ಹೆಚ್ಚು ಕಂಗಾಲಾದವರು ಹೊರರಾಜ್ಯದಿಂದ ಬಂದು ಓದುತ್ತಿದ್ದವರೇ. ಕಾಲೇಜುಗಳ ಮತ್ತು ಮಂಡಳಿಗಳ ಜಗಳದ ಬಿಸಿ ತಟ್ಟಿದ್ದು ವಿದ್ಯಾರ್ಥಿಗೆ. ಬೇರೆ ರಾಜ್ಯಕ್ಕೆ ಹೋಗುವವರು ಕರ್ನಾಟಕದ ನೋಂದಣಿ ಕೈಗೆ ಬಂದ ಕೂಡಲೇ ಅಲ್ಲಿನ ಕೌನ್ಸಿಲ್ ಯಾವ ದಾಖಲೆ ಕೇಳುತ್ತದೆ ನೋಡಿ, ಎನ್‌ಒಸಿಗೆ ಅರ್ಜಿ ಹಾಕಿ.

ಕೊಲ್ಲಿ ದೇಶಗಳಿಗೆ ಡೇಟಾಫ್ಲೋ ಪರಿಶೀಲನೆ, ಪ್ರೊಮೆಟ್ರಿಕ್ ಪರೀಕ್ಷೆ, ಬ್ರಿಟನ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ, ಅಮೆರಿಕಕ್ಕೆ ಎನ್‌ಕ್ಲೆಕ್ಸ್: ದಾರಿ ಯಾವುದಾದರೂ ಮೊದಲು ಕೇಳುವುದು ಇಲ್ಲಿನ ನೋಂದಣಿಯನ್ನೇ.

ಕಾಯುವ ತಿಂಗಳುಗಳಲ್ಲಿ

ಶಿಕ್ಷಣ ಸಾಲ ತೆಗೆದವರು ಬ್ಯಾಂಕಿಗೆ ಹೋಗಿ ಕಂತು ಯಾವಾಗ ಶುರು ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಬಿಡುವು ಇರುತ್ತದೆ. ಆ ವರ್ಷದಲ್ಲಿ ಆರು ತಿಂಗಳು ನೋಂದಣಿಗೇ ಹೋದರೆ, ಹೊಗೆಸೊಪ್ಪು, ಶುಂಠಿ, ಆಲೂಗಡ್ಡೆಯ ದರ ನಂಬಿ ಬದುಕುವ ಮನೆಯಲ್ಲಿ ಕಂತು ಕಟ್ಟುವ ಭಾರ ಮತ್ತೆ ಅಪ್ಪನ ಮೇಲೆಯೇ. ತಡವಾಗುವ ಸೂಚನೆ ಕಂಡರೆ ಬ್ಯಾಂಕ್ ಮ್ಯಾನೇಜರ್‌ಗೆ ಮೊದಲೇ ಪತ್ರ ಕೊಡಿ.

ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸ್ ಮುಗಿಸಲು ಆರು ತಿಂಗಳು ಬೇಕು. ಬಾಕಿ ಇದ್ದರೆ ಈಗಲೇ ಶುರು ಮಾಡಿ. ಬಿಎಲ್‌ಎಸ್ ತರಬೇತಿ, ವೈದ್ಯಕೀಯ ಅರ್ಹತಾ ಪತ್ರ, ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನೂ ಇದೇ ಹೊತ್ತಿನಲ್ಲಿ ಮಾಡಿಸಿಟ್ಟುಕೊಳ್ಳಿ. ನೋಂದಣಿ ಪ್ರಮಾಣಪತ್ರ ಬಂದ ದಿನ ಅದರಲ್ಲಿನ ಹೆಸರು, ಹುಟ್ಟಿದ ದಿನಾಂಕ, ಅರ್ಹತೆ, ನವೀಕರಣದ ದಿನಾಂಕ ಓದಿ ನೋಡಿ. ತಪ್ಪಿದ್ದರೆ ಆ ವಾರವೇ ತಿದ್ದುಪಡಿಗೆ ಬರೆಯಿರಿ.

ಹೊಸ ನರ್ಸ್‌ನ ನೋಂದಣಿ ತಡವಾದಷ್ಟು ದಿನವೂ ಯಾವುದೋ ವಾರ್ಡಿನಲ್ಲಿ ಇಬ್ಬರ ಪಾಳಿಯನ್ನು ಒಬ್ಬರೇ ಮಾಡುತ್ತಿರುತ್ತಾರೆ. ಕಾಲೇಜುಗಳು ಕೊನೆಯ ವರ್ಷದ ತರಗತಿಯಲ್ಲಿ ಒಂದು ದಿನವನ್ನು ದಾಖಲೆ ತಾಳೆ ನೋಡುವುದಕ್ಕೆ ಮೀಸಲಿಡಲಿ. ಕೌನ್ಸಿಲ್ ವರ್ಷಕ್ಕೊಮ್ಮೆಯಾದರೂ ಹಾಸನದಂಥ ಜಿಲ್ಲಾ ಕೇಂದ್ರದಲ್ಲಿ ನೋಂದಣಿ ಶಿಬಿರ ನಡೆಸಲಿ. ವಿದ್ಯಾರ್ಥಿಗಳು ಅದಕ್ಕೆಲ್ಲ ಕಾಯದೆ, ಈ ವಾರವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಓದಿ.